‘ವೈನ್ಸ್’ ಅಂಗಡೀಲಿ ವೈನ್ ಕೇಳಿದ ಕತೆ, ಜೊತೆಗೆ ನಂದಿ ಬೆಟ್ಟದ ಲಾ ರಿಸರ್ವ್ ರಿವ್ಯೂ

ನಮ್ಮ ಮನೆಯಿಂದ ಒಂದು ಕಿಲೋಮೀಟರ್ ಒಳಗೆ ‘ವೈನ್ಸ್’ ಅಂತ ಬೋರ್ಡ್ ಹಾಕಿರೋ ಅಂಗಡಿ ನಾಲ್ಕಿವೆ, ನಾಲ್ಕರಲ್ಲೂ ವೈನ್ ಒಂದು ಬಿಟ್ಟು ಮಿಕ್ಕಿದ್ದೆಲ್ಲಾ ಸಿಗುತ್ತೆ. ಏಪ್ರಿಲ್‌ನಲ್ಲಿ ಒಂದು ಶನಿವಾರ ಸಂಜೆ ಅದ್ರಲ್ಲೊಂದಕ್ಕೆ ಹೋಗಿ, ಕಂಬಿ ಸಂದೀಲಿ ಕೈ ತೂರಿಸಿರೋ ಹತ್ತು ಜನರ ಮಧ್ಯ ಜಾಗ ಮಾಡ್ಕೊಂಡು "ರೆಡ್ ವೈನ್ ಕೊಡಪ್ಪ" ಅಂದೆ. ಹುಡುಗ "ಕ್ವಾರ್ಟರ್ರಾ ಹಾಫಾ ಅಣ್ಣ" ಅಂದ. ವೈನ್ ಕಣಪ್ಪ, ದ್ರಾಕ್ಷಿದು ಅಂದ್ರೆ ಪಕ್ಕದಲ್ಲಿದ್ದ ಒಬ್ರು ನನ್ನ ಮೇಲಿಂದ ಕೆಳಗೆ ನೋಡಿ "ಮನೇಲಿ ಹೆಂಗಸ್ರಿಗಾ ಸಾರ್" ಅಂತ ತುಂಬಾ ಕಾಳಜಿಯಿಂದ ಕೇಳಿದ್ರು. ಹುಡುಗ ಸ್ಟೂಲ್ ಹತ್ತಿ, ತಗಡಿನ ಶೀಟಿಗೆ ತಾಗೋ ಹಂಗಿದ್ದ ಮೇಲಿನ ಶೆಲ್ಫ್‌ನಿಂದ ಒಂದು ಬಾಟ್ಲು ಇಳಿಸಿ, ಧೂಳನ್ನ ತನ್ನ ಶರ್ಟಿಗೇ ಒರೆಸಿ ಕೊಟ್ಟ. ಕೈಗೆ ತಗೊಂಡ್ರೆ ಇಡ್ಲಿ ಪಾತ್ರೆಯಿಂದ ತೆಗೆದಂಗೆ ಬೆಚ್ಚಗಿತ್ತು. ಅಲ್ಲೇ ವಾಪಸ್ ಕೊಡ್ಬೇಕಿತ್ತು, ಕೊಡ್ಲಿಲ್ಲ, ನನ್ನ ತಪ್ಪು.

ಬಾಟ್ಲು ಯಾವ್ದು ಅಂದ್ರೆ ಲಾ ರಿಸರ್ವ್. ಗ್ರೋವರ್ ಜಂಪಾದವರದ್ದು, ಕ್ಯಾಬರ್ನೇ ಸೊವಿನ್ಯೋನ್ ಮತ್ತೆ ಶಿರಾಜ್ ಅಂತ ಎರಡು ದ್ರಾಕ್ಷಿ ಸೇರಿಸಿ ಮಾಡಿ ಓಕ್ ಪೀಪಾಯಿಲಿ ಇಟ್ಟು ಹದ ಮಾಡಿದ ಕೆಂಪು ವೈನ್, ತಯಾರಾಗೋದು ನಮ್ಮ ದೊಡ್ಡಬಳ್ಳಾಪುರದ ಕಡೆ, ನಂದಿ ಬೆಟ್ಟದ ಬುಡದಲ್ಲಿ. ಆ ಮೊದಲನೇ ಬಾಟ್ಲು ಮನೇಲಿ ತೆಗೆದ್ರೆ ಬೇಯಿಸಿದ ಜಾಮಿನ ವಾಸನೆ, ಬಾಯಿಗಿಟ್ರೆ ಹುಳಿ ಮಾತ್ರ ಎದ್ದು ಕಾಣ್ತಿತ್ತು. ಇದಕ್ಕೆ ವೈನ್ ಮಾಡಿದವರನ್ನ ಬಯ್ಯೋದು ತಪ್ಪು. ಹಾಲನ್ನ ಬಿಸಿಲಲ್ಲಿಟ್ಟು ಒಡೆದುಹೋಯ್ತು ಅಂತ ಹಸುಗೆ ಬೈದಂಗೆ ಆಗುತ್ತೆ. ವೈನ್ ಬಿಸಿಗೆ ಕೆಡುತ್ತೆ, ಬೆಳಕಿಗೆ ಕೆಡುತ್ತೆ, ರಮ್ಮು ವಿಸ್ಕಿ ತರ ಎಲ್ಲಿಟ್ರೂ ನಡೆಯುತ್ತೆ ಅನ್ನೋ ಸರಕಲ್ಲ, ಆದ್ರೆ ನಮ್ಮಲ್ಲಿ ಎಲ್ಲಾನೂ ಒಂದೇ ಶೆಲ್ಫಲ್ಲಿ ನಿಲ್ಲಿಸ್ತಾರೆ, ಅದ್ರಲ್ಲೂ ಕಮ್ಮಿ ಓಡೋ ಮಾಲು ಅಂತ ವೈನ್‌ನ ಮೇಲಕ್ಕೆ, ಶಾಖ ಎಲ್ಲಾ ಹೋಗಿ ಸೇರೋ ಜಾಗಕ್ಕೆ. ಅದನ್ನ ಸಿಂಕಿಗೆ ಸುರಿದು ಮಾರನೇ ವಾರ ಸಹಕಾರ ನಗರದ ಕಡೆ ಏಸಿ ಇರೋ, ಬಾಟ್ಲು ಮಲಗಿಸಿಟ್ಟಿರೋ ಇನ್ನೊಂದು ಅಂಗಡಿಯಿಂದ ಅದೇ ಲೇಬಲ್ ತಂದೆ. ಸಾವಿರ ರೂಪಾಯಿ ಆಸುಪಾಸಿನ ವ್ಯವಹಾರ ಇದು, ಎರಡೆರಡು ಸಲ ಕೊಟ್ಟಿದ್ದಕ್ಕೆ ಹೆಂಡ್ತಿ ಇನ್ನೂ ಲೆಕ್ಕ ಕೇಳ್ತಾಳೆ. ಈ ರಿವ್ಯೂ ಎರಡನೇ ಬಾಟ್ಲಿಂದು.

ಇಷ್ಟೊಂದು ಹಠ ಯಾಕೆ ಅಂದ್ರೆ ನಮ್ಮ ಚಿಕ್ಕಪ್ಪ ಬರೋರಿದ್ರು. ನಮ್ಮ ತಾತಂದು ದೊಡ್ಡಬಳ್ಳಾಪುರ ತಾಲ್ಲೂಕಲ್ಲಿ ಎರಡೆಕರೆ ದ್ರಾಕ್ಷಿ ತೋಟ, ಆಮೇಲೆ ಅದನ್ನ ನೋಡ್ಕೊಂಡಿದ್ದು ಚಿಕ್ಕಪ್ಪ. ಬೆಂಗಳೂರು ಬ್ಲೂ. ಗೊತ್ತಿಲ್ದೆ ಇರೋರಿಗೆ ಹೇಳ್ಬೇಕು ಅಂದ್ರೆ, ತಳ್ಳೋ ಗಾಡೀಲಿ ರಾಶಿ ಹಾಕಿರ್ತಾರಲ್ಲ, ಕಪ್ಪಗೆ, ಗುಂಡಗೆ, ಮೇಲೆ ಬೂದಿ ಸವರಿದಂಗೆ, ಬೆರಳಲ್ಲಿ ಒತ್ತಿದ್ರೆ ಸಿಪ್ಪೆ ಕೈಯಲ್ಲೇ ಉಳಿದು ತಿರುಳು ಪುಳಕ್ ಅಂತ ಬಾಯಿಗೆ ಹಾರುತ್ತಲ್ಲ, ಅದು. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ನೂರು ವರ್ಷಕ್ಕೂ ಹಳೇ ಬೆಳೆ, 2013ರಲ್ಲಿ ಜಿಐ ಟ್ಯಾಗ್ ಕೂಡ ಬಂತು, ಅಂದ್ರೆ ಇದು ಈ ಸೀಮೇದೇ ಬೆಳೆ ಅನ್ನೋ ಸರ್ಕಾರಿ ಗುರುತು. ಚಪ್ಪರದ ಕೆಳಗೆ ಬಗ್ಗಿಕೊಂಡು ಓಡಾಡಿ ದೊಡ್ಡೋನಾದವನು ನಾನು, ರಜಾ ಬಂದ್ರೆ ನಮ್ಮ ಕೆಲಸ ಗೊಂಚಲಲ್ಲಿ ಕೊಳೆತ ಕಾಯಿ ಕಿತ್ತು ಹಾಕೋದು, ಸಂಜೆ ಹೊತ್ತಿಗೆ ಕೈ ನೇರಳೆ ಬಣ್ಣ ಆಗಿ ಮೂರು ದಿನ ಹೋಗ್ತಿರ್ಲಿಲ್ಲ. ಈಗ ಆ ತೋಟ ಇಲ್ಲ. ಬೋರ್‌ವೆಲ್ ಆಳಕ್ಕೆ ಆಳಕ್ಕೆ ಹೋಯ್ತು, 2008ರಲ್ಲಿ ಏರ್‌ಪೋರ್ಟ್ ಶುರುವಾದ ಮೇಲೆ ಆ ಕಡೆ ಜಮೀನಿನ ರೇಟು ಎಲ್ಲಿಗೆ ಹೋಯ್ತು ಅಂತ ನಿಮಗೆಲ್ಲಾ ಗೊತ್ತು, ಚಪ್ಪರದ ಕಲ್ಲು ಕಂಬ ಮಾತ್ರ ಉಳಿದಿವೆ, ಎರಡಕ್ಕೆ ಚಿಕ್ಕಮ್ಮ ಬಟ್ಟೆ ಒಣಗಾಕೋ ತಂತಿ ಕಟ್ಟಿದ್ದಾರೆ.

ಅಂದ್ರೆ ಜೀವಮಾನ ಎಲ್ಲಾ ದ್ರಾಕ್ಷಿ ಬೆಳೆದ ಮನುಷ್ಯ, ವ್ಯಾಪಾರಿಗಳು ಬಂದು ಕ್ರೇಟ್ ಲೆಕ್ಕದಲ್ಲಿ ತೂಕ ಹಾಕಿ ಜ್ಯೂಸಿಗೆ, ಸಿಹಿ ವೈನಿಗೆ ಅಂತ ತಗೊಂಡು ಹೋಗಿದ್ದನ್ನ ನೋಡಿದ ಮನುಷ್ಯ, ಆದ್ರೆ ಒಣ, ಅಂದ್ರೆ ಸಿಹಿ ಇಲ್ಲದ, ಕೆಂಪು ವೈನ್ ಒಂದು ಗುಟುಕೂ ಕುಡಿದಿಲ್ಲ. ಅವರಿಗೆ ಕುಡಿಸಿ ನೋಡ್ಬೇಕು ಅನ್ನೋದು ನನ್ನ ಆಸೆ.

ಇಲ್ಲಿ ಒಂದು ಮಾತು. ಬೆಂಗಳೂರಿಗೆ ವೈನ್ ಅನ್ನೋದು ಮಾಲ್‌ಗಳ ಜೊತೆ ಬಂದಿದ್ದಲ್ಲ. ಕ್ಯಾಂಟೋನ್ಮೆಂಟ್ ಕಡೆ, ಕಾಕ್ಸ್‌ಟೌನ್ ಲಿಂಗರಾಜಪುರದ ಕ್ರಿಶ್ಚಿಯನ್ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಇದೇ ಬೆಂಗಳೂರು ಬ್ಲೂನಲ್ಲಿ ವೈನ್ ಹಾಕೋದು ತಲೆತಲಾಂತರದಿಂದ ಇದೆ. ನಮ್ಮ ಹಳೇ ಬಾಡಿಗೆ ಮನೆ ಪಕ್ಕದ ಆಂಟಿ ಅಕ್ಟೋಬರ್ ಕೊನೇಲೇ ಜಾಡಿ ತೊಳೆದು ಬಿಸಿಲಿಗಿಡ್ತಿದ್ರು, ದ್ರಾಕ್ಷಿ ಕಿವುಚಿ, ಸಕ್ಕರೆ, ಒಂದು ಹಿಡಿ ಗೋಧಿ, ಚೂರು ಯೀಸ್ಟು, ಚಕ್ಕೆ ಲವಂಗ ಹಾಕಿ ಬಾಯಿಗೆ ಬಟ್ಟೆ ಕಟ್ಟಿ ದಿನಾ ಮರದ ಸೌಟಲ್ಲಿ ತಿರುವೋದು, ಮೂರು ವಾರ ಆದ್ಮೇಲೆ ಸೋಸೋದು. ಆ ವೈನ್ ಸಿಹಿ, ಗಾಢ, ಪ್ಲಮ್ ಕೇಕ್ ಜೊತೆ ಸಣ್ಣ ಗ್ಲಾಸಲ್ಲಿ ಕೊಡ್ತಿದ್ರು, ನನಗೆ ಗೊತ್ತಿದ್ದ ವೈನ್ ಅಂದ್ರೆ ಅದೇ. ಈ ದ್ರಾಕ್ಷಿಗೆ ಅಮೆರಿಕಾದ ಲಬ್ರುಸ್ಕಾ ಜಾತಿ ರಕ್ತ ಇದೆ, ಆ ಜಾತೀಲಿ ಮಿಥೈಲ್ ಆಂಥ್ರನಿಲೇಟ್ ಅಂತ ಒಂದು ಪದಾರ್ಥ ಇರುತ್ತೆ, ದ್ರಾಕ್ಷಿ ಫ್ಲೇವರ್ ಅಂತ ಚಾಕ್ಲೇಟಿಗೆ ಬಬಲ್‌ಗಮ್ಮಿಗೆ ಹಾಕೋದೂ ಅದನ್ನೇ. ಅದಕ್ಕೇ ಬ್ಲೂ ವೈನ್ ಮೂಸಿದ್ರೆ ‘ದ್ರಾಕ್ಷಿ ದ್ರಾಕ್ಷಿ’ ಅಂತ ಕೂಗುತ್ತೆ. ಲಾ ರಿಸರ್ವ್ ಮೂಸಿದ್ರೆ ದ್ರಾಕ್ಷಿ ನೆನಪೇ ಆಗಲ್ಲ, ಮೊದಲ ಸಲ ಕುಡಿಯೋರಿಗೆ ಮೋಸ ಆದಂಗೆ ಅನ್ಸೋದು ಇದಕ್ಕೇ.

ಈ ಬೇರೆ ದ್ರಾಕ್ಷಿ ನಮ್ಮ ಕಡೆ ಬಂದಿದ್ದು ಹೆಂಗೆ ಅಂದ್ರೆ, ಕನ್ವಲ್ ಗ್ರೋವರ್ ಅಂತ ಒಬ್ಬರು ಬಿಸಿನೆಸ್‌ಮನ್, ಕೆಲಸದ ಮೇಲೆ ಫ್ರಾನ್ಸಿಗೆ ಓಡಾಡಿ ಓಡಾಡಿ ಅಲ್ಲಿನ ವೈನ್ ರುಚಿ ಹತ್ತಿ, ಇದನ್ನ ಇಂಡಿಯಾದಲ್ಲಿ ಯಾಕೆ ಬೆಳೀಬಾರ್ದು ಅಂತ ತಲೆಗೆ ಹಚ್ಕೊಂಡವರು. ಫ್ರಾನ್ಸಿನ ಷಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅನ್ನೋ ವೈನ್ ತಜ್ಞರ ಜೊತೆ ಸೇರಿ ಮಣ್ಣು ಹವೆ ನೋಡಿ, ಹಲವು ತಳಿ ಹಾಕಿ ಪ್ರಯೋಗ ಮಾಡಿ, 1988ರಲ್ಲಿ ನಂದಿ ಬೆಟ್ಟದ ಬುಡದಲ್ಲಿ ತೋಟ ಶುರು ಮಾಡಿದ್ರು. ಆಮೇಲೆ 90ರ ದಶಕದ ಮಧ್ಯದಲ್ಲಿ ಮಿಷೆಲ್ ರೊಲಾಂ ಸಲಹೆಗಾರರಾಗಿ ಬಂದ್ರು, ಫ್ರಾನ್ಸಿನ ಬೋರ್ಡೋ ಕಡೆಯವರು, ಪ್ರಪಂಚದ ನಾನಾ ದೇಶದ ವೈನರಿಗಳಿಗೆ ವಿಮಾನದಲ್ಲಿ ಹಾರಾಡಿ ಬುದ್ಧಿ ಹೇಳೋ ಮನುಷ್ಯ ಅಂತಾನೇ ಹೆಸರು. 2005ರಲ್ಲಿ ಇಂಗ್ಲೆಂಡಿನ ಡಿಕ್ಯಾಂಟರ್ ಅನ್ನೋ ವೈನ್ ಪತ್ರಿಕೇಲಿ ಸ್ಟೀವನ್ ಸ್ಪರಿಯರ್ ಈ ಲಾ ರಿಸರ್ವ್‌ನ ಯುರೋಪಿನ ಹೊರಗಿನ ಕೆಂಪು ವೈನ್‌ಗಳಲ್ಲಿ ತುಂಬಾ ಮೇಲಿಟ್ಟು ಬರೆದಾಗ ಇದು ಸುದ್ದಿ ಆಯ್ತು. ಈ ಸ್ಪರಿಯರ್ ಯಾರು ಅಂದ್ರೆ 1976ರಲ್ಲಿ ಪ್ಯಾರಿಸ್‌ನಲ್ಲಿ ಹೆಸರು ಮುಚ್ಚಿ ರುಚಿ ನೋಡೋ ಸ್ಪರ್ಧೆ ಇಟ್ಟು, ಅದ್ರಲ್ಲಿ ಕ್ಯಾಲಿಫೋರ್ನಿಯಾ ವೈನ್ ಗೆದ್ದು ಫ್ರೆಂಚರ ಮುಖ ಸಣ್ಣದಾಗೋ ಹಂಗೆ ಮಾಡಿದ್ದವರು. 2012ರಲ್ಲಿ ನಾಸಿಕ್ ಕಡೆಯ ಜಂಪಾ ಜೊತೆ ಸೇರಿ ಕಂಪನಿ ಹೆಸರು ಗ್ರೋವರ್ ಜಂಪಾ ಆಯ್ತು. ರಾಜ್ಯ ಸರ್ಕಾರ ವೈನ್ ಪಾಲಿಸಿ ಅಂತ ತಂದಿದ್ದು 2007ರಲ್ಲಿ, ಅಂದ್ರೆ ಇವ್ರು ಶುರು ಮಾಡಿ ಹೆಚ್ಚುಕಮ್ಮಿ ಇಪ್ಪತ್ತು ವರ್ಷ ಆದ್ಮೇಲೆ.

ಸರಿ, ಬಾಟ್ಲಿಗೆ ಬರೋಣ.

ಚಿಕ್ಕಪ್ಪ ಭಾನುವಾರ ಬೆಳಗ್ಗೆ ಬಂದ್ರು, ಚೀಲದಲ್ಲಿ ನಾಟಿ ಕೋಳಿ, ಸೊಪ್ಪು, ಒಂದು ಚಕ್ಕೋತ. ನಾನು ಹನ್ನೊಂದೂವರೆಗೆ ಬಾಟ್ಲು ಫ್ರಿಜ್ಜಿಗೆ ಇಟ್ಟೆ. ರೆಡ್ ವೈನ್ ರೂಮ್ ಟೆಂಪರೇಚರಲ್ಲಿ ಕುಡೀಬೇಕು ಅಂತ ಎಲ್ರೂ ಹೇಳ್ತಾರೆ, ಆದ್ರೆ ಯಾರ ರೂಮು? ಆ ಮಾತು ಹುಟ್ಟಿದ್ದು ಚಳಿ ದೇಶದ ಕಲ್ಲು ಮನೆಗಳಲ್ಲಿ, ಅವರ ರೂಮು ಅಂದ್ರೆ 16ರಿಂದ 18 ಡಿಗ್ರಿ. ಏಪ್ರಿಲ್‌ನಲ್ಲಿ ನಮ್ಮ ಅಡುಗೆಮನೆ 31 ಇತ್ತು. ಹೋದ ವರ್ಷ ಒಂದು ದುಬಾರಿ ರೆಸ್ಟೋರೆಂಟಲ್ಲಿ ಗ್ಲಾಸಿಗೆ ಎಂಟುನೂರು ತಗೊಂಡು ಬಿಸಿನೀರಿನ ಹದದ ವೈನ್ ಕೊಟ್ಟಿದ್ರು, ಸ್ವಲ್ಪ ತಣ್ಣಗೆ ಮಾಡ್ಕೊಡಿ ಅಂದಿದ್ದಕ್ಕೆ ವೇಟರ್ ಹುಡುಗ "ಸಾರ್ ರೆಡ್ ವೈನ್ ಚಿಲ್ ಮಾಡಲ್ಲ" ಅಂತ ನನಗೇ ಪಾಠ ಮಾಡಿದ. ನೀವು ಅಂಜಬೇಡಿ. ಮುಕ್ಕಾಲು ಗಂಟೆ ಫ್ರಿಜ್ಜಲ್ಲಿಡಿ, ತೆಗೆದು ಹತ್ತು ನಿಮಿಷ ಬಿಡಿ. ಬೆಂಗಳೂರಿನ ಬೇಸಿಗೇಲಿ ಈ ಒಂದು ಕೆಲಸ ಮಾಡಿದ್ರೆ ಕುಡಿಯೋದೇ ಬೇರೆ ವೈನ್.

ಗ್ಲಾಸಿಗೆ ಸುರಿದಾಗ ಬಣ್ಣ ಚೆನ್ನಾಗಿದೆ, ಪೂರ್ತಿ ಕಪ್ಪಲ್ಲ, ನೇರಳೆ ಹಣ್ಣು ತಿಂದ ನಾಲಿಗೆ ಬಣ್ಣ, ಅಂಚಲ್ಲಿ ಸ್ವಲ್ಪ ಇಟ್ಟಿಗೆ ಕೆಂಪು. ವಾಸನೆ ಮೊದಲು ಬರೋದು ಮರದ್ದು, ಹೊಸ ಬೀರು ಬಾಗಿಲು ತೆಗೆದಂಗೆ, ಹಿಂದೇನೇ ಲವಂಗ, ಆಮೇಲೆ ಕಪ್ಪು ಹಣ್ಣಿನದ್ದು. ಒಂದೈದು ನಿಮಿಷ ಬಿಟ್ಟು ಮತ್ತೆ ಮೂಸಿದ್ರೆ ಕರಿಮೆಣಸು ಬರುತ್ತೆ. ಇದು ಸುಮ್ನೆ ಕವಿತೆ ಕಟ್ಟೋದಲ್ಲ ಕಣ್ರೀ, ಶಿರಾಜ್ ದ್ರಾಕ್ಷೀಲಿ ರೊಟುಂಡೋನ್ ಅನ್ನೋ ಪದಾರ್ಥ ಇದೆ ಅಂತ 2008ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಕಂಡುಹಿಡಿದ್ರು, ಮಲೆನಾಡಿನ ಮೆಣಸಿನ ಕಾಳಲ್ಲಿ ಘಮ ಬರೋದೂ ಅದರಿಂದಾನೇ. ಕ್ಯಾಬರ್ನೇದು ಇನ್ನೊಂದು ಗುಣ, ಹಣ್ಣು ಸರಿಯಾಗಿ ಮಾಗದೆ ಇದ್ರೆ ದಪ್ಪ ಮೆಣಸಿನಕಾಯಿ ಹೆಚ್ಚಿದ ಹಸಿ ವಾಸನೆ ಬರುತ್ತೆ, ಇದ್ರಲ್ಲಿ ನನಗೆ ಎಳೆಯಷ್ಟು ಸಿಕ್ತು, ಅಷ್ಟಿದ್ರೆ ಚೆಂದಾನೇ. ಅಂದಹಾಗೆ ಶಿರಾಜ್ ಅಂದ್ರೆ ಪರ್ಷಿಯಾದ ಶಿರಾಜ್ ಊರಿಂದ ಬಂದಿದ್ದು ಅಂತ ಒಂದು ಕತೆ ಓಡುತ್ತೆ, ಡಿಎನ್ಎ ನೋಡಿದ್ರೆ ಅಪ್ಪ ಅಮ್ಮ ಇಬ್ರೂ ಫ್ರಾನ್ಸಿನ ತಳಿಗಳೇ. ಚಿಕ್ಕಪ್ಪ ಕೇಳಿಸ್ಕೊಂಡು "ಶಿರಾ ಅಂದ್ರೆ ತುಮಕೂರ್ ತಾವಿರೋದಲ್ವೇನ್ಲಾ, ಅಲ್ಲೆಲ್ಲಿ ದ್ರಾಕ್ಷಿ, ಬರೀ ಕಳ್ಳೇಕಾಯಿ" ಅಂದ್ರು.

ಬಾಯಲ್ಲಿ ಏನಾಗುತ್ತೆ ಅಂತ ಹೇಳೋಕೆ ಇಂಗ್ಲಿಷ್ ರಿವ್ಯೂಗಳಲ್ಲಿ ಟ್ಯಾನಿನ್ ಟ್ಯಾನಿನ್ ಅಂತ ಪುಟಗಟ್ಟಲೆ ಬರೀತಾರೆ, ನಮ್ಮಲ್ಲಿ ಒಂದೇ ಮಾತು, ಒಗರು. ನೇರಳೆ ಹಣ್ಣು ತಿಂದು ನಾಲಿಗೆ ಹಲ್ಲಿಗೆ ಅಂಟಿದಂಗೆ ಆಗುತ್ತಲ್ಲ, ಹಸಿ ಅಡಿಕೆ ಅಗಿದಾಗ ಕೆನ್ನೆ ಒಳಗಡೆ ಹಿಡ್ಕೊಳ್ಳುತ್ತಲ್ಲ, ಅದು. ಇದ್ರಲ್ಲಿ ಒಗರು ಇದೆ ಆದ್ರೆ ಒರಟಲ್ಲ. ಹುಳಿ ಹದವಾಗಿದೆ, ಅದಕ್ಕೆ ಕಾರಣ ಜಾಗ ಅನ್ಸುತ್ತೆ, ಸಮುದ್ರ ಮಟ್ಟದಿಂದ ಹೆಚ್ಚುಕಮ್ಮಿ 900 ಮೀಟರ್ ಮೇಲೆ, ಹಗಲು ಎಷ್ಟೇ ಸುಟ್ರೂ ಜನವರಿ ಫೆಬ್ರವರಿ ರಾತ್ರಿ ಹೊದಿಕೆ ಬೇಕೇಬೇಕು, ರಾತ್ರಿ ತಂಪಿದ್ರೆ ಕಾಯಿಯೊಳಗಿನ ಹುಳಿ ಪೂರ್ತಿ ಕರಗಿಹೋಗಲ್ಲ. ಒಂದು ಗುಟುಕು ನುಂಗಿದ ಮೇಲೂ ಸ್ವಲ್ಪ ಹೊತ್ತು ಗಂಟಲಲ್ಲಿ ಮೆಣಸು ನಿಲ್ಲುತ್ತೆ. ನನಗೆ ಮರದ ವಾಸನೆ ಒಂದು ಚೂರು ಕಮ್ಮಿ ಇದ್ದಿದ್ರೆ ಇನ್ನೂ ಹಿಡಿಸ್ತಿತ್ತು, ಅದು ನನ್ನ ನಾಲಿಗೆ ವಿಷಯ, ನನ್ನ ಹೆಂಡ್ತಿಗೆ ಅದೇ ಇಷ್ಟ ಆಗಿದ್ದು. 5ಕ್ಕೆ 4 ಕೊಡ್ತೀನಿ, ಊಟದ ಜೊತೆ ಆದ್ರೆ ನಾಲ್ಕೂವರೆ.

ಚಿಕ್ಕಪ್ಪನ ಮೊದಲ ಗುಟುಕು ನೋಡೋ ಹಂಗಿತ್ತು. ಬಾಯಿಗೆ ಹಾಕ್ಕೊಂಡ್ರು, ಮುಖ ಹುಣಸೆಕಾಯಿ ತಿಂದ ಮಗು ತರ ಆಯ್ತು, ನುಂಗಿ ಸ್ವಲ್ಪ ಹೊತ್ತು ಸುಮ್ನಿದ್ದು "ಸಕ್ಕರೆ ಹಾಕಾದು ಮರ್ತವ್ರೆ" ಅಂದ್ರು. ಇದು ಹಿಂಗೇ ಇರೋದು ಚಿಕ್ಕಪ್ಪ, ದ್ರಾಕ್ಷೀಲಿರೋ ಸಕ್ಕರೆ ಎಲ್ಲಾ ಯೀಸ್ಟ್ ತಿಂದು ಆಲ್ಕೋಹಾಲ್ ಮಾಡಿರುತ್ತೆ ಅಂದೆ. "ಅಂಗಾದ್ರೆ ನಮ್ ದ್ರಾಕ್ಷಿ ಸಕ್ರೆ ಅದ್ಕೆ ಸಾಲ್ದು" ಅಂದ್ರು. ಇದು ನಿಜ, ಮನೆ ವೈನಿಗೆ ಕೇಜಿಗಟ್ಟಲೆ ಸಕ್ಕರೆ ಸುರಿಯೋದು ಅದಕ್ಕೂ ಸೇರಿ. ಆಮೇಲೆ ನನ್ನ ಹೆಂಡ್ತಿ "ಊಟದ ಜೊತೆ ತಗೊಳ್ಳಿ ಮಾವ, ಬರೀ ಕುಡೀಬೇಡಿ" ಅಂತ ಮುದ್ದೆ ಹಾಕಿದ್ಲು.

ಇಲ್ಲಿ ವೈನಿನ ವರಸೆಯೇ ಬದಲಾಯ್ತು. ನಾಟಿ ಕೋಳಿ ಸಾರು, ಕಾರ ಮಧ್ಯಮ, ಮೆಣಸು ಧನಿಯ ಜಾಸ್ತಿ, ಕೊಬ್ಬರಿ ಹುರಿದು ರುಬ್ಬಿದ್ದು. ಸಾರಲ್ಲಿ ಅದ್ದಿದ ಮುದ್ದೆ ತುತ್ತು ನುಂಗಿ ಒಂದು ಗುಟುಕು ವೈನ್ ತಗೊಂಡ್ರೆ ಜಿಡ್ಡನ್ನ ಒಗರು ಎತ್ಕೊಂಡು ಹೋಗುತ್ತೆ, ಸಾರಿನ ಮೆಣಸು ವೈನಿನ ಮೆಣಸು ಒಂದಕ್ಕೊಂದು ಕೈ ಹಿಡ್ಕೊಳ್ಳುತ್ತೆ. ಗುಂಟೂರು ಮೆಣಸಿನಕಾಯಿ ಹಾಕಿ ಕೆಂಪಗೆ ಉರಿಯೋ ಸಾರಾದ್ರೆ ಬೇಡ, ಕಾರದ ಮೇಲೆ ಆಲ್ಕೋಹಾಲ್ ಬಿದ್ರೆ ಬೆಂಕಿಗೆ ಸೀಮೆಎಣ್ಣೆ, ಒಗರೂ ಎರಡು ಪಟ್ಟು ಕಾಣುತ್ತೆ. ರಾತ್ರಿ ಉಳಿದಿದ್ದನ್ನ ಕೈಮ ಉಂಡೆ ಜೊತೆ ನೋಡಿದೆ, ಅದು ಕೋಳಿಗಿಂತ ಒಂದು ಕೈ ಮೇಲೆ. ದೊನ್ನೆ ಬಿರಿಯಾನಿ ಜೊತೆ ಇನ್ನೊಂದು ಸಲ ನೋಡಿದ್ದೆ, ಪುದೀನ ವಾಸನೆ ಎಲ್ಲಾ ಮುಚ್ಚಿ ಹಾಕಿಬಿಡ್ತು. ತರಕಾರಿ ಊಟದವರು ಕೇಳೋದಾದ್ರೆ ಬದನೆಕಾಯಿ ಎಣ್ಣೆಗಾಯಿ ಪರವಾಗಿಲ್ಲ, ಹುಣಸೆಹಣ್ಣಿನ ಸಾಂಬಾರು ಮಾತ್ರ ದಯವಿಟ್ಟು ಬೇಡ. ಪನೀರ್ ಟಿಕ್ಕ ಅಂತೆಲ್ಲಾ ಜನ ಹೇಳ್ತಾರೆ, ನಾನು ನೋಡಿಲ್ಲ.

ಎರಡನೇ ಗ್ಲಾಸಿಗೆ ಚಿಕ್ಕಪ್ಪನೇ ಕೈ ಚಾಚಿದ್ರು. ಇದನ್ನ ಎಲ್ಲಿ ಬೆಳೀತಾರೆ ಅಂದ್ರು. ನಿಮ್ಮೂರಿಂದ ಇಪ್ಪತ್ತು ನಿಮಿಷ ಅಂದೆ. ನಂಬಲಿಲ್ಲ. ಅದಕ್ಕೇ ಮುಂದಿನ ಶನಿವಾರ ಟೂರ್ ಬುಕ್ ಮಾಡಿ ಹೋದ್ವಿ, ಗಾಡಿ ಹೆಂಡ್ತಿ ಕೈಲಿ, ಯಾಕಂದ್ರೆ ಕೊನೇಲಿ ರುಚಿ ನೋಡೋಕೆ ಕೊಡ್ತಾರೆ, ಡ್ರೈವ್ ಮಾಡೋರು ಕುಡಿಯೋ ಹಂಗಿಲ್ಲ. ನೀವು ಹೋಗೋದಾದ್ರೂ ಯಾರು ಓಡಿಸ್ತಾರೆ ಅಂತ ಮೊದ್ಲೇ ತೀರ್ಮಾನ ಮಾಡ್ಕೊಳ್ಳಿ, ವೀಕೆಂಡ್ ನಂದಿ ಟ್ರಾಫಿಕ್ ಬೇರೆ.

ತೋಟ ನೋಡಿದ ಕೂಡ್ಲೇ ಚಿಕ್ಕಪ್ಪ "ಇದೇನ್ಲಾ, ಬೇಲಿ ಕಟ್ದಂಗೆ ಕಟ್ಟವ್ರೆ, ಚಪ್ಪರ ಎಲ್ಲಿ" ಅಂದ್ರು. ಬ್ಲೂಗೆ ನಮ್ಮ ಕಡೆ ತಲೆ ಮೇಲೆ ಚಪ್ಪರ ಹಾಕ್ತಾರೆ, ಎಲೆ ಮೇಲೆ, ಗೊಂಚಲು ಕೆಳಗೆ ನೆರಳಲ್ಲಿ ಜೋತು ಬೀಳೋ ಹಂಗೆ. ವೈನ್ ದ್ರಾಕ್ಷಿಗೆ ಸಾಲು ಸಾಲಾಗಿ ತಂತಿ ಎಳೆದು ಬಳ್ಳಿನ ನೆಟ್ಟಗೆ ನಿಲ್ಲಿಸ್ತಾರೆ, ಗಾಳಿ ಆಡಲಿ, ಹಣ್ಣಿಗೆ ಬೇಕಾದಷ್ಟು ಬಿಸಿಲು ತಾಗಲಿ ಅಂತ. ನಾವು ಹೋಗಿದ್ದು ಏಪ್ರಿಲ್ ಕೊನೆ, ಕೊಯ್ಲು ಫೆಬ್ರವರಿ ಮಾರ್ಚಲ್ಲೇ ಮುಗಿದು ಬಳ್ಳಿಗೆ ಕತ್ತರಿ ಹಾಕಿದ್ರು, ಬೋಳು ಕಾಂಡದಲ್ಲಿ ಚಿಗುರು ಬರ್ತಿತ್ತು. ಫ್ರಾನ್ಸಲ್ಲಿ ಚಳಿಗಾಲ ಬಂದು ಬಳ್ಳಿ ತಾನೇ ನಿದ್ದೆ ಹೋಗುತ್ತೆ, ವರ್ಷಕ್ಕೊಂದು ಪ್ರೂನಿಂಗ್ ಸಾಕು. ನಮ್ಮಲ್ಲಿ ಅದಕ್ಕೆ ನಿದ್ದೇನೇ ಇಲ್ಲ, ಹಂಗಾಗಿ ಕೊಯ್ಲಾದ ಮೇಲೆ ಒಂದು ಸಲ, ಮಳೆ ಮುಗಿಯೋ ಹೊತ್ತಿಗೆ ಸೆಪ್ಟೆಂಬರ್ ಅಕ್ಟೋಬರಲ್ಲಿ ಇನ್ನೊಂದು ಸಲ ಕತ್ತರಿಸಿ ಹಣ್ಣನ್ನ ಒಣ ತಿಂಗಳುಗಳಿಗೆ ತಳ್ಳಬೇಕು. ಇದನ್ನ ಗೈಡ್ ಹುಡುಗಿ ಇಂಗ್ಲಿಷಲ್ಲಿ ಹೇಳ್ತಿದ್ರೆ ಚಿಕ್ಕಪ್ಪಂಗೆ ಒಂದಕ್ಷರ ಅರ್ಥ ಆಗದೆ ಇದ್ರೂ ಬಳ್ಳಿ ಹಿಡಿದು ಕಣ್ಣು, ಅಂದ್ರೆ ಚಿಗುರೊಡೆಯೋ ಗಂಟು, ಲೆಕ್ಕ ಹಾಕಿ "ನಾಕ್ ಕಣ್ ಬಿಟ್ಟವ್ರೆ, ಒಳ್ಳೆ ಕೈ" ಅಂತ ತಾನೇ ಮಾರ್ಕ್ಸ್ ಕೊಟ್ರು. ಆ ಹುಡುಗಿ ಆಮೇಲೆ ಕನ್ನಡಕ್ಕೆ ತಿರುಗಿ, ವರ್ಷಕ್ಕೆ ಒಂದೇ ಬೆಳೆ ಅಂದಾಗ ಇವರಿಗೆ ತಡಕೊಳ್ಳೋಕಾಗಲಿಲ್ಲ. "ನಮ್ ಬ್ಲೂ ವರ್ಷಕ್ಕೆರಡು ಬೆಳೆ ಕೊಡ್ತಿತ್ತು ಕಣಮ್ಮ." ಹೌದು ತಾತ, ಇಲ್ಲಿ ಬೇಕು ಅಂತಾನೇ ಕಮ್ಮಿ ಮಾಡ್ತಾರೆ, ಗೊಂಚಲು ಜಾಸ್ತಿ ಆದ್ರೆ ರುಚಿ ತೆಳ್ಳಗಾಗುತ್ತೆ ಅಂದ್ಲು. ಮಾರಾಟದ ದ್ರಾಕ್ಷಿ ಬೆಳೆದವರಿಗೆ, ಕ್ರೇಟ್ ಎಣಿಸಿ ಮಗಳ ಮದುವೆ ಮಾಡಿದವರಿಗೆ, ಬಿಟ್ಟಿರೋ ಕಾಯನ್ನ ಕಿತ್ತು ನೆಲಕ್ಕೆ ಹಾಕೋದು ಅನ್ನೋದು ಎಷ್ಟು ಸಂಕಟ ಅಂತ ಅವರ ಮುಖ ನೋಡಿದ್ರೆ ಗೊತ್ತಾಗ್ತಿತ್ತು.

ಅಲ್ಲೊಂದು ಕಡೆ ಗೈಡು ಕ್ಯಾಬರ್ನೇ ಸೊವಿನ್ಯೋನ್ ಹುಟ್ಟಿದ್ದು ಬೋರ್ಡೋದಲ್ಲಿ ಅಂದ ಕೂಡ್ಲೇ ಚಿಕ್ಕಪ್ಪನ ಕಿವಿ ನೆಟ್ಟಗಾಯ್ತು. ಬೋರ್ಡೋ ಅಂದ್ರೆ ಅವರಿಗೆ ಗೊತ್ತಿರೋದು ಒಂದೇ, ಮೈಲುತುತ್ತ ಒಂದು ಕೇಜಿ, ಸುಣ್ಣ ಒಂದು ಕೇಜಿ, ನೂರು ಲೀಟರ್ ನೀರು, ಬೂಜು ರೋಗಕ್ಕೆ ಹೊಡೆಯೋದು. ಡ್ರಮ್ಮಲ್ಲಿ ಕಲಸಿ, ಕುಡುಗೋಲು ಅದ್ದಿ ನೋಡೋರು, ಅಲಗಿನ ಮೇಲೆ ತಾಮ್ರದ ಕೆಂಪು ಕೂತ್ರೆ ಸುಣ್ಣ ಸಾಲದು ಅಂತ ಅರ್ಥ. "ಆ ಔಸ್ದಿ ಊರಾ ಇದು?" ಅದೇ ಊರು. 1880ರ ದಶಕದಲ್ಲಿ ಅಲ್ಲಿನ ದ್ರಾಕ್ಷಿ ತೋಟಗಳಿಗೆ ಬೂಜು ರೋಗ ಬಿದ್ದಾಗ ಮಿಲಾರ್ಡೆ ಅನ್ನೋ ವಿಜ್ಞಾನಿ ಈ ದ್ರಾವಣ ಕಂಡುಕೊಂಡಿದ್ದು, ಅಲ್ಲಿಂದ ನಮ್ಮ ತಾತನ ಡ್ರಮ್ಮಿಗೂ ಮಲೆನಾಡಿನ ಅಡಿಕೆ ತೋಟಕ್ಕೂ ಬಂತು. ಅಂದ್ರೆ ಬೋರ್ಡೋದ ಔಷಧಿ ನಮ್ಮ ಮನೆಗೆ ಮೊದ್ಲೇ ಬಂದಿತ್ತು, ದ್ರಾಕ್ಷಿ ಲೇಟಾಗಿ ಬಂತು. ನಾನು ಈ ಸಂಬಂಧ ಯಾವತ್ತೂ ಯೋಚನೆ ಮಾಡಿರ್ಲಿಲ್ಲ, ಮೂವತ್ತು ಸಲ ಆ ಹೆಸರು ಲೇಬಲ್ ಮೇಲೆ ಓದಿದ್ರೂ.

ಒಳಗಡೆ ಸ್ಟೀಲ್ ಟ್ಯಾಂಕ್‌ಗಳು, ಥೇಟ್ ಹಾಲಿನ ಡೇರಿ ತರ, ತಣ್ಣಗೆ. ಕೆಂಪು ವೈನಿಗೆ ಬಣ್ಣ ಒಗರು ಎರಡೂ ಸಿಪ್ಪೆಯಿಂದ ಬರೋದು, ಅದಕ್ಕೆ ರಸ ಸಿಪ್ಪೆ ಬೀಜ ಒಟ್ಟಿಗೇ ಹುದುಗು ಬರಿಸ್ತಾರೆ, ಸಿಪ್ಪೆ ತೇಲಿ ಮೇಲೆ ದಪ್ಪಗೆ ಕೂತ್ಕೊಳ್ಳುತ್ತೆ, ಅದನ್ನ ಒಣಗೋಕೆ ಬಿಡದೆ ರಸದಲ್ಲಿ ಅದ್ದುತ್ತಾ ಇರ್ಬೇಕು. ಆಂಟಿ ಜಾಡೀಲಿ ಮರದ ಸೌಟಲ್ಲಿ ದಿನಾ ತಿರುವ್ತಿದ್ದಿದ್ದು ಇದೇ ಕೆಲಸ ಅಂತ ಅವತ್ತು ಹೊಳೀತು. ಪೀಪಾಯಿ ರೂಮಲ್ಲಿ ವಾಸನೆ ಚೆನ್ನಾಗಿದೆ, ಮರ, ಹಣ್ಣು, ಸ್ವಲ್ಪ ಬೆಲ್ಲದ ಗಾಣದ ಮನೆ. ಅಲ್ಲಿಂದ ಟೇಸ್ಟಿಂಗ್, ಅದ್ರ ಬಗ್ಗೆ ಹೆಚ್ಚು ಬರೆಯಲ್ಲ, ಕೊಡೋ ಗುಟುಕು ಚಿಕ್ಕದು, ಗುಂಪು ದೊಡ್ಡದು, ಎಲ್ರೂ ಗ್ಲಾಸ್ ತಿರುಗಿಸ್ತಾ ಫೋಟೋ ತಗೀತಾ ಇದ್ರು. ಬಿಳಿ ವೈನ್ ಬಂದಾಗ ಚಿಕ್ಕಪ್ಪ ಮೂಸಿ "ಪಾನಕ" ಅಂತ ನನಗೆ ದಾಟಿಸಿದ್ರು. ಲಾ ರಿಸರ್ವ್ ಬಂದಾಗ ದಾಟಿಸಲಿಲ್ಲ.

ಕೊಳ್ಳೋರಿಗೆ ನಾಲ್ಕು ಮಾತು. ಅಂಗಡೀಲಿ ಬಾಟ್ಲು ಮುಟ್ಟಿ ನೋಡಿ, ಬೆಚ್ಚಗಿದ್ರೆ ಬೇಡ. ಬಿಸಿಲು ಬೀಳೋ ಶೋಕೇಸಿಂದಂತೂ ಬೇಡವೇ ಬೇಡ. ಬಾಟ್ಲು ತೆಗೆದ ಮೇಲೆ ಅರ್ಧ ಗಂಟೆ ಗಾಳಿಗೆ ಬಿಡಿ, ಮರದ ವಾಸನೆ ಇಳಿಯುತ್ತೆ. ಉಳಿದ್ರೆ ಮುಚ್ಚಿ ಫ್ರಿಜ್ಜಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ, ನಾಲ್ಕನೇ ದಿನ ನಾನು ನೋಡಿದಾಗ ವಿನಿಗರ್ ಕಡೆ ಮುಖ ಮಾಡಿತ್ತು. ದುಬಾರಿ ಗ್ಲಾಸ್ ಏನೂ ಬೇಡ, ಕಾಫಿ ಲೋಟ ಬಿಟ್ಟು ಏನಾದ್ರೂ ಸರಿ. ಸಿಹಿ ಇಷ್ಟ ಪಡೋರಿಗೆ, ಕ್ರಿಸ್‌ಮಸ್ ವೈನ್ ತರ ಇರುತ್ತೆ ಅಂದ್ಕೊಂಡೋರಿಗೆ ಇದು ಸೇರಲ್ಲ, ಅವರು ಡಿಸೆಂಬರ್ ತನಕ ಕಾದು ಯಾರಾದ್ರೂ ಆಂಟಿಯನ್ನ ಹಿಡೀರಿ, ಅದೂ ಒಳ್ಳೆ ವೈನೇ.

ಹೊರಡೋವಾಗ ಅಲ್ಲೇ ಒಂದು ಬಾಟ್ಲು ತಗೊಂಡು ಚಿಕ್ಕಪ್ಪನ ಕೈಗೆ ಕೊಟ್ಟೆ. ಹದಿನೈದು ದಿನ ಬಿಟ್ಟು ಹಬ್ಬಕ್ಕೆ ಊರಿಗೆ ಹೋದ್ರೆ ಅಡುಗೆಮನೆ ಗೂಡಲ್ಲಿ ಅದೇ ಬಾಟ್ಲು, ಲೇಬಲ್ ಹರೀದೆ ನೀಟಾಗಿ ಇಟ್ಟಿದ್ದಾರೆ, ಒಳಗೆ ಏನೋ ತುಂಬಿದೆ. ಪರವಾಗಿಲ್ವೇ ಇನ್ನೂ ಉಳಿಸಿದ್ದಾರೆ, ಆದ್ರೆ ಈ ಬಿಸೀಲಿ ಕೆಟ್ಟಿರುತ್ತಲ್ಲ ಅಂತ ತೆಗೆದು ಮೂಸಿ ನೋಡಿದೆ. ಹರಳೆಣ್ಣೆ. ಚಿಕ್ಕಮ್ಮ ಹಿಂದಿನಿಂದ "ಗಟ್ಟಿ ಗಾಜು ಕಣಪ್ಪ, ಇನ್ನೊಂದಿದ್ರೆ ತಂದ್ಕೊಡು, ಜೇನುತುಪ್ಪಕ್ಕೆ ಬೇಕು" ಅಂದ್ರು.